ಅತಿಥಿ ಕಾರ್ಡು ಮತ್ತು ಎರಡು ಕೈಯ ಬೀಗರು

2023ನೇ ಇಸವಿಯ ಜೂನ್ 11, ರವಿವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಗದಗಿನ ಶಿವಪುತ್ರಪ್ಪ ಅಂಗಡಿಯವರು ತಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿದ್ದ ಹಳೆಯ ಚಾದರವನ್ನು ಸರ್ರನೆ ಎಳೆದರು. ಚಾದರದ ಕೆಳಗೆ ಏನಿದೆಯೆಂಬುದು ಮನೆಯಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ಯುಗಾದಿಯಿಂದಲೂ ಅದು ಅಲ್ಲೇ ಕೂತು, ಹೋಗಿ ಬರುವವರ ಮೊಣಕಾಲಿಗೆ ಬಡಿಯುತ್ತಿತ್ತು. ಆದರೂ ಅವರ ಹೆಂಡತಿ ನೀಲಗಂಗಾ ಹುಬ್ಬು ಮೇಲೇರಿಸಿ ನಿಂತಳು. ಚಾದರ ಎಳೆಯುವ ಇಂಥ ಮುಹೂರ್ತಗಳನ್ನು ಅವಳು ಮದುವೆಯಾದಾಗಿನಿಂದ ಬೇಕಾದಷ್ಟು ಕಂಡಿದ್ದಳು. ರೊಟ್ಟಿ ಬಡಿಯುವ ಯಂತ್ರ ರೊಟ್ಟಿಗಳನ್ನು ಗೋಡೆಗೆ ಬಡಿದಿತ್ತು. ತಾನೇ ತೂಗುವ ತೊಟ್ಟಿಲು ಮಗುವನ್ನು ಬಿಟ್ಟು ಸುತ್ತ ನಿಂತವರನ್ನೆಲ್ಲ ಮಲಗಿಸಿತ್ತು. ಹೀಗಿದ್ದರೂ ಸಂಸಾರದಲ್ಲಿ ಹುಬ್ಬುಗಳಿಗೂ ಒಂದು ಧರ್ಮ ಅಂತ ಇರುತ್ತದೆ.

"ಇವರು ಬೀಗರು," ಎಂದರು ಶಿವಪುತ್ರಪ್ಪ, ನೆಂಟರನ್ನು ಪರಿಚಯಿಸುವ ಧಾಟಿಯಲ್ಲೇ.

ಬೀಗರ ಹೊಟ್ಟೆ ಎಪಿಎಂಸಿ ಯಾರ್ಡಿನ ಹಳೆಯ ಕಾಳಿನ ತೂಕದ ಯಂತ್ರದ್ದು. ಯಾರ್ಡಿನಲ್ಲಿ ತೂಕದ ಯಂತ್ರ ರಿಪೇರಿ ಮಾಡುವುದೇ ಶಿವಪುತ್ರಪ್ಪನವರ ಉದ್ಯೋಗವಾದ್ದರಿಂದ ಅದು ಸುಲಭಕ್ಕೆ ಸಿಕ್ಕಿತ್ತು. ಎಡಗೈ ಹಲ್ಲಿನ ಡಾಕ್ಟರು ಬಿಸಾಕಿದ ದೀಪದ ತೋಳು. ಬಲಗೈ ಹೊಲಿಗೆ ಯಂತ್ರದ ಕಬ್ಬಿಣ. ಕಣ್ಣಿಗೆ ಗಾಜು ಸೀಳಿದ ಒಂದು ಮೊಬೈಲು, ಬಾಯಿಗೆ ಒಂದು ರೇಡಿಯೋ. ಈ ಬೀಗರು ಮಾಡಬೇಕಾದ ಕೆಲಸ ಒಂದೇ: ನೀಲಗಂಗಾಳ ಎದುರು ಕೂತು 'ಕೊತ್ತಲ' ಆಡುವುದು.

ಕೊತ್ತಲ ಅಂದರೆ ಕಾರ್ಡಿನ ಆಟ. ದೀಪಾವಳಿಯ ಹೊತ್ತಿಗೆ ಕ್ಯಾಲೆಂಡರುಗಳ ಕೆಲಸ ಮುಗಿದು ಸುಮ್ಮನೆ ನಿಲ್ಲುತ್ತಿದ್ದ ಮುದ್ರಣಯಂತ್ರಗಳಿಗೆ ಏನಾದರೂ ಮೇವು ಬೇಕೆಂದು ಗದಗಿನ ಒಂದು ಪ್ರೆಸ್ಸಿನವರು ಅದನ್ನು ಹುಟ್ಟಿಸಿದ್ದರು. ಕಾರ್ಡುಗಳು ಮೊಹರು ಮಾಡಿದ ಪೊಟ್ಟಣಗಳಲ್ಲಿ ಬರುತ್ತವೆ; ಯಾವುದು ಸಿಗುತ್ತದೆ ಅನ್ನುವುದು ಹಣೆಬರಹ. ಬೇಡವಾದದ್ದನ್ನು ಕೊಟ್ಟು ಬೇಕಾದದ್ದನ್ನು ತಂದುಕೊಂಡು, ಪ್ರತಿಯೊಬ್ಬರೂ ತಮ್ಮದೇ ನಲವತ್ತು ಕಾರ್ಡುಗಳ ಕಟ್ಟು ಕಟ್ಟಿಕೊಳ್ಳಬೇಕು. ಆನೆ, ತೋಪು, ಬಿಲ್ಲಾಳು, ಸುರಂಗ, ಹೀಗೆ. ಇಬ್ಬರಿಗೂ ಇಪ್ಪತ್ತಿಪ್ಪತ್ತು 'ಮಾನ'. ಮಾನ ಸೊನ್ನೆಯಾದವರು ಸೋತರು, ಕಟ್ಟು ಬರಿದಾದವರೂ ಸೋತರು. ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗ ಮಾಡಿಸುವ ನೀಲಗಂಗಾಳಿಗೆ ಇದನ್ನು ಒಂದು ದಿನ ಕರೆಂಟು ಹೋದಾಗ ಹುಡುಗರು ಕಲಿಸಿದ್ದರು. ಹುಡುಗರು ಪಾಸಾಗಿ ಹೋದರು. ಆಟ ಇವಳಲ್ಲೇ ಉಳಿಯಿತು.

ಮೂರು ವರ್ಷದ ಹಿಂದೆ ಪ್ರೆಸ್ಸಿನವರು, ಹೊಸ ಕಾರ್ಡು ಯೋಚಿಸಿ ಕಳಿಸಿ ಎಂದು ಆಟಗಾರರನ್ನೇ ಕೇಳಿದ್ದರು. ನೀಲಗಂಗಾ ಕಳಿಸಿದ್ದು 'ಅತಿಥಿ'. ಅದು ಆಯ್ಕೆಯಾಗಿ ಅಚ್ಚಾಯಿತು. ಕಾರ್ಡಿನಲ್ಲಿ ಧೋತರ ಉಟ್ಟು, ಕೈಯಲ್ಲಿ ಛತ್ರಿ, ಬಗಲಲ್ಲಿ ಚೀಲ ಹಿಡಿದು ನಿಂತಿದ್ದವರು ಅವಳ ತಂದೆ, ಮುಂಡರಗಿಯ ಮಾಸ್ತರರು. ಮಗಳ ಮನೆಗೆ ಬಂದು ಕುರ್ಚಿಯ ಮೇಲೆ ಕೂಡುತ್ತಲೇ "ಇನ್ನ ನಾ ಬರ್ತೀನಿ" ಅನ್ನುವುದು ಅವರ ಪದ್ಧತಿ. ಆಗ ನೀಲಗಂಗಾಳ ಅತ್ತೆ ಸಾವಂತ್ರವ್ವ ಅವರ ಮುಂಗೈ ಹಿಡಿದು "ಕೂಡ್ರಿ" ಅನ್ನುತ್ತಿದ್ದಳು. ಈ ಕುಸ್ತಿ ರಾತ್ರಿ ಊಟದವರೆಗೂ ನಡೆಯುತ್ತಿತ್ತು. ಮಾಸ್ತರರು ಒಂದು ಸಲವೂ ಗೆಲ್ಲಲಿಲ್ಲ. ಈಗ ಅವರಿಲ್ಲ, ಕಾರ್ಡಿನಲ್ಲಿ ಇದ್ದಾರೆ.

ಕಾರ್ಡಿನ ನಿಯಮವೂ ಅವರ ಹಾಗೇ ಸರಳ. ಅತಿಥಿಯನ್ನು ನಮ್ಮ ಕೋಟೆಯಲ್ಲಿ ಇಡುವುದಲ್ಲ, ಎದುರಾಳಿಯ ಕೋಟೆಗೆ ಕಳಿಸುವುದು. ಅತಿಥಿ ಕೂತಿರುವವರೆಗೆ ಎದುರಾಳಿ ಪ್ರತಿ ಸರದಿಗೆ ತನ್ನ ಒಂದು ಕಾರ್ಡನ್ನು ಉಪಚಾರವೆಂದು ಬಿಟ್ಟುಕೊಡಬೇಕು, ಬದಲಿಗೆ ಕಟ್ಟಿನಿಂದ ಒಂದು ಎತ್ತಿಕೊಳ್ಳಬೇಕು. ಹೀಗೆ ಕಟ್ಟು ಕರಗುತ್ತದೆ. ಬೇಡವಾದರೆ ಎರಡು ಮಾನ ಕಳೆದುಕೊಂಡು, ಕಾರ್ಡಿನ ಮುಖ ನೋಡಿ, ಎಲ್ಲರಿಗೂ ಕೇಳುವಂತೆ "ಎದ್ದು ಹೋಗ್ರಿ" ಅನ್ನಬೇಕು. ಅತಿಥಿ ಹೋದ ಹಾಗೆ.

ಎಲ್ಲರೂ ಅದನ್ನೇ ಮಾಡಿದರು. ಎರಡು ಮಾನ ಏನು ದೊಡ್ಡದು ಎಂದುಕೊಂಡು ಕಳಿಸಿಬಿಟ್ಟರು. ಅತಿಥಿ ಕೊತ್ತಲದ ಅತ್ಯಂತ ನಿರುಪಯೋಗಿ ಕಾರ್ಡೆಂದು ಹೆಸರಾಯಿತು. ಎರಡು ವರ್ಷದಿಂದ ಸೋಲದಿದ್ದ ಹುಬ್ಬಳ್ಳಿಯ ಅಫ್ರೋಜ ನದಾಫ ಒಮ್ಮೆ ಅಲುಗಾಡುವ ಮೇಜಿನ ಕಾಲಿಗೆ ಮೂರು ಅತಿಥಿಗಳನ್ನು ಮಡಚಿ ಇಟ್ಟು, ಈಗ ಉಪಯೋಗಕ್ಕೆ ಬಂತು ನೋಡ್ರಿ ಮೇಡಂ, ಅಂದಿದ್ದ. ಅಂದವನಿಗೆ ಅದು ಯಾರ ಚಿತ್ರವೆಂದು ಗೊತ್ತಿರಲಿಲ್ಲ. ನೀಲಗಂಗಾ ಹೇಳಲೂ ಇಲ್ಲ.

ಈಗ ಪ್ರೆಸ್ಸಿನ ಯಜಮಾನ ಮಹಾರುದ್ರಪ್ಪನವರು ಹೊಸ ಪ್ರಕಟಣೆ ಹೊರಡಿಸಿದ್ದರು. ಆಷಾಢದ ಪಂದ್ಯದಲ್ಲಿ ಕೊನೆಯ ಎಂಟು ಜನರ ಕೈಯಲ್ಲಿ ಕಾಣಿಸದ ಹಳೆಯ ಕಾರ್ಡುಗಳನ್ನು ಮುಂದಿನ ಮುದ್ರಣದಲ್ಲಿ ಕೈಬಿಡಲಾಗುವುದು. ಕೈಬಿಡಬಹುದಾದವುಗಳಲ್ಲಿ ಮೊದಲ ಹೆಸರು ಅತಿಥಿಯದು. ಅದನ್ನು ಓದಿದ ದಿನವೇ ನೀಲಗಂಗಾ ತನ್ನ ಆನೆಗಳ ಕಟ್ಟನ್ನು ಬಿಚ್ಚಿ, ಅತಿಥಿಯ ಸುತ್ತ ಹೊಸ ಕಟ್ಟು ಕಟ್ಟಲು ಕೂತಳು. ಶಿವಪುತ್ರಪ್ಪನವರು, ನಿನಗ ಪಳಗಲಿಕ್ಕೆ ಒಬ್ಬ ಎದುರಾಳಿನ್ನ ಮಾಡಿ ಕೊಡ್ತೀನಿ ತಡಿ, ಎಂದು ಮಾತು ಕೊಟ್ಟರು.

ಚಾದರ ಎಳೆದ ಆ ಬೆಳಿಗ್ಗೆ ಬೀಗರು ಕಾರ್ಡುಗಳನ್ನು ಚೆನ್ನಾಗಿಯೇ ಕಲೆಸಿ ಹಂಚಿದರು. ನೀಲಗಂಗಾ ಅತಿಥಿಯನ್ನು ತೆಗೆದು ಅವರ ಕೋಟೆಯೊಳಗೆ ಇಟ್ಟಳು. ಮೊಬೈಲಿನ ಕಣ್ಣು ಕಾರ್ಡಿನ ಮೇಲೆ ಬಗ್ಗಿತು. ರೇಡಿಯೋ ಗಂಟಲು ಸರಿಮಾಡಿಕೊಂಡಿತು.

"ಬರ್ರಿ ಬರ್ರಿ. ಎಷ್ಟ ದಿನಾತು ಈ ಕಡೆ ಬಂದು. ಕೂಡ್ರಿ, ಚಹಾ ಇಡ್ತೀನಿ."

ದನಿ ಕಬ್ಬಿಣದ್ದು, ರಾಗ ಮಾತ್ರ ಸಾಕ್ಷಾತ್ ಸಾವಂತ್ರವ್ವನದು. ಒಳಗಿನಿಂದ ಸಾವಂತ್ರವ್ವನೇ, ಯಾರು ಬಂದಾರ, ಎಷ್ಟು ಅಕ್ಕಿ ಹಾಕಲಿ, ಎಂದು ಕೂಗಿ ಕೇಳಿದಳು.

ಶಿವಪುತ್ರಪ್ಪನವರ ಎದೆ ಹೆಮ್ಮೆಯಿಂದ ಉಬ್ಬಿತು. ಆಟದ ಲೆಕ್ಕ ಕಲಿಸುವುದು ಒಂದು ದಿನದ ಕೆಲಸ, ಆದರೆ ಅತಿಥಿ ಅಂದರೆ ಏನು ಅಂತ ಲೆಕ್ಕದಿಂದ ತಿಳಿಯುವುದಿಲ್ಲ, ಕಣ್ಣಿಂದ ನೋಡಬೇಕು. ಅದಕ್ಕೇ ಯುಗಾದಿಯಿಂದ ಪಡಸಾಲೆಯಲ್ಲಿ ಕೂಡಿಸಿ, ಬಂದವರನ್ನು ಅವ್ವ ನಡೆಸಿಕೊಳ್ಳುವುದನ್ನೆಲ್ಲ ತೋರಿಸಿದೆ, ಎಂದು ವಿವರಿಸಿದರು. ಅವ್ವನ ಮುಂಗೈಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ ಎಳೆದು ಅವಳ ಹಿಡಿತವನ್ನೂ ಅಳೆದಿದ್ದರಂತೆ: ಎರಡೂವರೆ ಕಿಲೋ. ಬೀಗರ ಎಡಗೈಗೂ ಅಷ್ಟೇ ಬಲದ ಸ್ಪ್ರಿಂಗು.

ಆ ಆಟ ನೀಲಗಂಗಾ ಗೆದ್ದಳು. ಮುಂದಿನದನ್ನೂ. ಸಂಜೆಯವರೆಗೆ ಒಂದೂ ಸೋಲಲಿಲ್ಲ. ಬೀಗರು ಅತಿಥಿಗೆ ಉಪಚಾರ ಮಾಡುತ್ತ ಮಾಡುತ್ತ ಆನೆ ಬಿಟ್ಟರು, ತೋಪು ಬಿಟ್ಟರು, ಕೊನೆಗೆ ಬರಿಗೈಯಲ್ಲಿ "ಇನ್ನೊಂದ ತುತ್ತು" ಅನ್ನುತ್ತ ಕೂತರು. ನೀಲಗಂಗಾಳಿಗೆ ಮೊದಲು ಕುಣಿಯುವಂತಾಯಿತು. ಆಮೇಲೆ ಅನುಮಾನ ಬಂತು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು.

"ಏನ್ರೀ, ನಮ್ಮ ಮೀಟರ್‌ನ್ಯಾಗ ಸೊನ್ನಿ ದೋಷ ಐತಿ."

"ಯಾವ ಮೀಟರು?"

"ನಿಮ್ಮ ಬೀಗರು. ನಮಗ ಬೇಕಾದ ಉತ್ತರಾನ ದಿನಾ ತೋರಿಸೋ ಯಂತ್ರ ಕೆಟ್ಟದ್ದು ಅಂತ ನಾ ಹುಡುಗರಿಗೆ ಹೇಳ್ತೀನಿ. ಅತ್ತಿ ಹಂಗ ಆಡೋರು ಪಂದ್ಯದಾಗ ಒಬ್ಬರೂ ಬರೂದಿಲ್ಲ."

"ನನ್ನ ಹಂಗ ಆಡಿದ್ರ ಏನಾತು?" ಎಂದು ಸಾವಂತ್ರವ್ವ ಮಗನ ತಟ್ಟೆಗೆ ಕೇಳದೇ ಇನ್ನೊಂದು ರೊಟ್ಟಿ ಹಾಕಿದಳು. ಅವನು ಬೇಡ ಅಂದ. ಅದಕ್ಕಾಗಿ ಮತ್ತೊಂದು ಹಾಕಿದಳು.

ಹೆಂಡತಿಯ ಮಾತಿನಲ್ಲಿ ತಿರುಳಿದೆಯೆಂದು ಶಿವಪುತ್ರಪ್ಪನವರು ಒಪ್ಪಿಕೊಂಡರು. ಒಪ್ಪಿಕೊಂಡದ್ದೇ ತಪ್ಪಾಯಿತು. ಬಂದವರನ್ನು ಹೊರಗೆ ಕಳಿಸುವುದನ್ನು ಕಲಿಯಬೇಕಾದರೆ ಎಲ್ಲಿಗೆ ಹೋಗಬೇಕು? ಅವರ ಗೆಳೆಯರೊಬ್ಬರು ಊರಿನ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದರು. ಯಾವ ಕಚೇರಿ ಎಂದು ಹೇಳುವುದು ಬೇಡ. ಹೇಳಿದರೆ ತಮ್ಮನ್ನು ಬಿಟ್ಟರೆಂದು ಉಳಿದ ಕಚೇರಿಯವರು ಬೇಸರಪಟ್ಟುಕೊಂಡಾರು. ಟಪಾಲು ತೂಗುವ ಯಂತ್ರವೆಂದು ಹೇಳಿ ಬೀಗರನ್ನು ಅಲ್ಲಿನ ಕೌಂಟರಿನ ಮೇಲೆ ಒಂದು ವಾರ ಕೂಡಿಸಿ, ಮರಳಿ ತಂದರು.

ನೀಲಗಂಗಾ ಕಟ್ಟನ್ನು ಮುಂದಿಟ್ಟಳು. ಬೀಗರು ಅದನ್ನು ನೋಡಿದರು, ಆಮೇಲೆ ಗೋಡೆ ನೋಡಿದರು.

"ನಾಳಿಗೆ ಬರ್ರಿ."

ನೀಲಗಂಗಾ ತಾನೇ ಕಾರ್ಡು ಹಂಚಿಕೊಂಡು ಅತಿಥಿಯನ್ನು ಅವರ ಕೋಟೆಗೆ ದೂಡಿದಳು.

"ಜೆರಾಕ್ಸ್ ತಂದೀರೇನು?" ಎಂದರು ಬೀಗರು. "ಎರಡ ಕಾಪಿ ಬೇಕು. ಸಾಹೇಬ್ರು ಮೀಟಿಂಗಿನ್ಯಾಗ ಅದಾರ."

ಮಧ್ಯಾಹ್ನ ಊಟದ ಹೊತ್ತಿಗೆ ಮೊಬೈಲಿನ ಕಣ್ಣು ತಾನಾಗಿ ಮುಚ್ಚಿತು. ಬಹಳ ಹೊತ್ತಿನ ಮೇಲೆ ತೆರೆದು, ಸರ್ವರ್ ಡೌನ್ ಐತಿ ಎಂದು ಹೇಳಿ ಮತ್ತೆ ಮುಚ್ಚಿತು. ಮರುದಿನ ಹೋದರೂ ಅದೇ ಉತ್ತರ. ಸಾವಂತ್ರವ್ವ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿ ಕೆಂಡವಾದಳು. ಮನೆಗೆ ಬಂದವರಿಗೆ ನಾಳೆ ಬಾ ಅನ್ನುವುದು ದೆವ್ವಕ್ಕೆ ಬರೆಯುವ ಮಾತು, ಮನುಷ್ಯರಿಗೆ ಆಡುವ ಮಾತಲ್ಲ. ಇಂಥ ಬೀಗರು ನನ್ನ ಪಡಸಾಲೆಯಲ್ಲಿ ಕೂಡಬಾರದು ಎಂದು ತೀರ್ಪು ಕೊಟ್ಟಳು.

ಶಿವಪುತ್ರಪ್ಪನವರು ಬೀಗರ ಹೊಟ್ಟೆ ಬಿಚ್ಚಿ ಕೂತರು. ಎರಡೂ ಪಾಠಗಳನ್ನು ಕಲೆಸಿದರೆ ಗೊಂದಲವಾಗುತ್ತದೆಂದು ಒಂದೊಂದು ಕೈಗೆ ಒಂದೊಂದನ್ನು ಕೊಟ್ಟರು. ಎಡಗೈಗೆ ಅವ್ವ, ಬಲಗೈಗೆ ಕಚೇರಿ. ಯಾವ ಹೊತ್ತಿಗೆ ಯಾವುದು ಮೇಲಾಗುತ್ತದೋ ಅದು ಆಡಲಿ, ಮನುಷ್ಯರ ಮನಸ್ಸೂ ಹಂಗ ಅಲ್ಲೇನು, ಎಂದರು. ಆ ವೇದಾಂತ ಪೂರ್ತಿಯಾಗುವಷ್ಟರಲ್ಲಿ ವಿದ್ಯುತ್ ಮೀಟರು ನೋಡುವವನು ಒಳಗೆ ಬಂದ. ಬೋರ್ಡು ನೋಡಿ, ಬಿಲ್ಲು ಹರಿದು ಕೊಟ್ಟು ತಿರುಗಿದವನ ಮುಂಗೈಯನ್ನು ಎಡಗೈ ಗಪ್ಪನೆ ಹಿಡಿಯಿತು.

"ಕೂಡ್ರಿ, ಚಹಾ ಕುಡದ ಹೋಗ್ರಿ."

ಅವನು ಹೆದರಿ ಕೂತ. ಕೂತವನಿಗೆ ಬಲಗೈ "ನಾಳಿಗೆ ಬರ್ರಿ" ಅಂದಿತು. ಎದ್ದ. ಎಡಗೈ ಕೂಡಿಸಿತು. ಇನ್ನೂ ನಾಲ್ಕು ಓಣಿ ಉಳಿದಿವೆ, ಬಿಡಿಸಿ ಕೊಡಿ ಯಜಮಾನರೇ, ಎಂದು ಅವನು ಅಂಗಲಾಚುತ್ತಿದ್ದರೆ ಶಿವಪುತ್ರಪ್ಪನವರು ಸ್ಕ್ರೂಡ್ರೈವರು ಹುಡುಕುತ್ತಿದ್ದರು. ಸಾವಂತ್ರವ್ವ ಒಳಗಿನಿಂದ ಒಂದು ತಾಟು ಮಂಡಕ್ಕಿ ಸೂಸಲ ತಂದಳು. ತಾಟು ಖಾಲಿಯಾದ ಕೂಡಲೇ ಎಡಗೈ ಬಿಟ್ಟಿತು. ಈ ಮನೆಯಲ್ಲಿ ತನ್ನ ಮಾತಿಗೆ ಬೆಲೆ ಕೊಡುವ ಒಬ್ಬರಾದರೂ ಬಂದರಲ್ಲ ಎಂದು ಅವಳು ಬೀಗರನ್ನು ಆವತ್ತೇ ಕ್ಷಮಿಸಿದಳು. ಮೀಟರಿನವನು ಮುಂದಿನ ತಿಂಗಳು ಸೂಸಲದ ಹೊತ್ತು ನೋಡಿಕೊಂಡೇ ಬಂದ.

ಆದರೆ ನೀಲಗಂಗಾಳಿಗೆ ನಿಜವಾದ ಎದುರಾಳಿ ಸಿಕ್ಕಿದ್ದು ಈಗ. ಬಲಗೈ ಅತಿಥಿಯನ್ನು ಅಟ್ಟುತ್ತಿತ್ತು, ಎಡಗೈ ಕೂಡಿಸಿಕೊಳ್ಳುತ್ತಿತ್ತು, ಯಾವಾಗ ಯಾವುದೆಂದು ಊಹಿಸಲಿಕ್ಕಾಗುತ್ತಿರಲಿಲ್ಲ. ಅವಳು ಸೋಲತೊಡಗಿದಳು. ಸೋಲುತ್ತ ಸೋಲುತ್ತ ಒಂದು ಪ್ರಶ್ನೆಗೆ ಬಂದು ನಿಂತಳು: ನಿಜವಾದ ಮನೆಗಳಲ್ಲಿ ಜನ ಅತಿಥಿಯನ್ನು ಯಾಕೆ ಅಟ್ಟುವುದಿಲ್ಲ? ಪ್ರೀತಿಯಿಂದ ಎಂದು ಹೇಳುವುದಾದರೆ ಎಲ್ಲ ಅತಿಥಿಗಳೂ ಅಪ್ಪನ ಹಾಗಿರುವುದಿಲ್ಲ. ಎದುರುಮನೆಯ ಕಟ್ಟೆಯ ಮೇಲೆ ಕೂತವರು ನೋಡುತ್ತಿರುತ್ತಾರೆ, ಅದಕ್ಕೆ.

ಅವಳು ಡಬ್ಬಿಯ ತಳದಿಂದ 'ಓಣಿಮಂದಿ'ಯನ್ನು ಹೆಕ್ಕಿ ತೆಗೆದಳು. ಕಟ್ಟೆಯ ಮೇಲೆ ಕೂತ ಮೂವರು ಹೆಂಗಸರ ಚಿತ್ರ, ಯುದ್ಧಕ್ಕೆ ಯಾವ ಕೆಲಸಕ್ಕೂ ಬಾರದ ಕಾರ್ಡು. ಅದು ಮೇಜಿನ ಮೇಲೆ ಇರುವವರೆಗೆ ಕಳೆದುಹೋಗುವ ಮಾನವೆಲ್ಲ ಎರಡುಪಟ್ಟು, ಇಬ್ಬರಿಗೂ. ತನಗೂ ಅಪಾಯವೆಂದೇ ಯಾರೂ ಅದನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಜೊತೆಗೆ 'ಜಡಿಮಳೆ'. ಮಳೆ ಬಿದ್ದ ಸುತ್ತಿನಲ್ಲಿ ಯಾರೂ ಕೋಟೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಅತಿಥಿ ಬರುತ್ತಾನೆ, ಮಳೆ ಹಿಡಿಯುತ್ತದೆ, ಓಣಿ ನೋಡುತ್ತದೆ. ಆನೆಗಳನ್ನು ಒಂದೊಂದಾಗಿ ಕಟ್ಟಿನಿಂದ ತೆಗೆಯುವಾಗ ಅವಳ ಜೀವ ಹಿಂಡಿತು. ಕೊನೆಗೆ ಒಂದೂ ಆನೆ ಉಳಿಯಲಿಲ್ಲ. ಅವಳಿಗೆ ಬೀಗರ ಮೇಲೆ ಹತ್ತರಲ್ಲಿ ಆರು ಆಟ ಗೆಲ್ಲಲಿಕ್ಕೆ ಬಂತು. ಮೊದಲ ದಿನದ ಹತ್ತಕ್ಕೆ ಹತ್ತಕ್ಕಿಂತ ಈ ಆರನ್ನು ಅವಳು ಹೆಚ್ಚು ನಂಬಿದಳು.

ಆಷಾಢದಲ್ಲಿ ಮದುವೆಗಳಿಲ್ಲ, ಕಲ್ಯಾಣಮಂಟಪಗಳು ಖಾಲಿ. ಹಾಗಾಗಿ ಕೊತ್ತಲದ ಪಂದ್ಯ ಯಾವಾಗಲೂ ಆಷಾಢದಲ್ಲೇ. ಪಂದ್ಯದ ರವಿವಾರ ಬೆಳಿಗ್ಗೆ ಶಿವಪುತ್ರಪ್ಪನವರ ಮನೆಯೇ ಟಂಟಂ ಆಟೋ ಏರಿ ಹೊರಟಿತು. ಆಡುವ ಮುಂಚೆ ಕೈ ಬಿಸಿ ಮಾಡಿಕೊಳ್ಳಲಿಕ್ಕೆ ನೀಲಗಂಗಾಳಿಗೆ ಬೀಗರು ಬೇಕಿತ್ತು. ಬೀಗರು ಬಂದರೆ ತಾನೂ ಬರಬೇಕೆಂದು ಸಾವಂತ್ರವ್ವ ಶೇಂಗಾ ಉಂಡಿಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಳು. ಮುಳಗುಂದ ನಾಕಾದ ಹತ್ತಿರ ಟಂಟಂ ಒಂದು ಕುಣಿಗೆ ಇಳಿದು ಎದ್ದಿತು. ಬೀಗರ ಹೊಟ್ಟೆಯೊಳಗೆ ಎಲ್ಲೋ ಟಣ್ ಎಂದಿತು. ಶಿವಪುತ್ರಪ್ಪನವರು ಬಗ್ಗಿ ನೋಡಿ, ಏನೂ ಇಲ್ಲ, ನಡಿ, ಎಂದರು.

ಮಂಟಪದಲ್ಲಿ ಮಹಾರುದ್ರಪ್ಪನವರು ತಲೆಯ ಮೇಲೆ ಕೈ ಹೊತ್ತಿದ್ದರು. ಮೂವತ್ತೆರಡು ಜನ ಬರಬೇಕಾಗಿತ್ತು, ಒಬ್ಬ ಜ್ವರ ಬಂದು ಮಲಗಿದ್ದ. ಟಂಟಂನಿಂದ ಇಳಿಯುತ್ತಿದ್ದ ಬೀಗರನ್ನು ನೋಡಿ ಅವರ ಮುಖ ಅರಳಿತು. ಇದು ಆಡ್ತೈತೇನು? ಆಡ್ತಾರ್ರಿ. ಸೋಲ್ತೈತೇನು? ಬೇಕಾದಷ್ಟು. ಖಾಲಿ ಕುರ್ಚಿಯಲ್ಲಿ ಬೀಗರು ಕೂತರು. ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಎರಡು ಸುತ್ತು ಗೆದ್ದರೆ ಕೊನೆಯ ಎಂಟರಲ್ಲಿ ಜಾಗ.

ಮೊದಲ ಸುತ್ತಿನಲ್ಲಿ ನೀಲಗಂಗಾಳ ಎದುರು ರೋಣದ ಔಷಧ ಅಂಗಡಿಯವರೊಬ್ಬರು. ಅವರು ಅತಿಥಿಯನ್ನು ನೋಡಿ ನಕ್ಕರು, ಅಟ್ಟಿದರು. ಎರಡನೇ ಅತಿಥಿಯನ್ನೂ ನಗುತ್ತಲೇ ಅಟ್ಟಿದರು. ಓಣಿಮಂದಿ ಕಟ್ಟೆಗೆ ಬಂದು ಕೂತ ಮೇಲೆ ಅಟ್ಟುತ್ತ ಹೋಗಿ, ಮಾನವೆಲ್ಲ ಕಳೆದುಕೊಂಡು, ಇದು ಹೆಂಗಾತು ಎಂದು ಕೇಳಿಕೊಳ್ಳುತ್ತ ಎದ್ದುಹೋದರು.

ಪಕ್ಕದ ಸಾಲಿನಲ್ಲಿ ಬೀಗರಿಗೆ ಸಿಕ್ಕವನು ಅಫ್ರೋಜ. ಅವನ ತೋಪುಗಳ ಮುಂದೆ ಬೀಗರು ಬಹಳ ಹೊತ್ತು ನಿಲ್ಲಲಿಲ್ಲ. ಆಟ ಮುಗಿಸಿ, "ಬರ್ತೀನ್ರಿ ಬೀಗರ" ಎಂದು ತಮಾಷೆ ಮಾಡಿ ಅವನು ಎದ್ದ. ಎಡಗೈ ಅವನ ಮುಂಗೈ ಹಿಡಿಯಿತು.

"ಬರೇ ಬಾಯಿಲೆ ಹೋಗಬಾರದು. ಕೂಡ್ರಿ."

ಅಫ್ರೋಜ ಕೂತ. ಕಾರ್ಡಿನ ಮೇಜಿನ ಮುಂದೆ ಹುಲಿಯಾದರೂ ಹುಡುಗ ಒಳ್ಳೆಯವನು. ಪಕ್ಕದಲ್ಲಿ ಕೂತಿದ್ದ ಸಾವಂತ್ರವ್ವನ ಕಡೆ ನೋಡಿದ.

"ಅಜ್ಜಿ, ಸ್ವಲ್ಪ ಬಿಡ್ಸ್ರಿ."

"ನಾ ಹಿಡದಿಲ್ಲಪಾ," ಎಂದಳು ಸಾವಂತ್ರವ್ವ. "ಆದ್ರ ಹಿಡದದ್ದು ತಪ್ಪಲ್ಲ. ಯಾವಾಗ ಉಂಡೀಯೋ ಏನೋ, ಮಾರಿ ಸಣ್ಣದಾಗೇತಿ."

ತಾಟು ಖಾಲಿಯಾದರೆ ಕೈ ಬಿಡುತ್ತದೆಂದು ಶಿವಪುತ್ರಪ್ಪನವರು ಧೈರ್ಯ ಹೇಳಿದರು. ಅದು ನಿಜ. ಆದರೆ ಸಾವಂತ್ರವ್ವ ಇದ್ದಲ್ಲಿ ತಾಟು ಖಾಲಿಯಾಗುವುದು ಹೇಗೆ? ಅವನು ಒಂದು ಉಂಡಿ ಮುಗಿಸಿದರೆ ಇನ್ನೊಂದು ಬೀಳುತ್ತಿತ್ತು. ಬೇಡವೆಂದು ತಾಟಿನ ಮೇಲೆ ಕೈ ಅಡ್ಡ ಇಟ್ಟರೆ ಬೆರಳ ಸಂದಿಯಲ್ಲಿ ಬೀಳುತ್ತಿತ್ತು. ಸ್ಕ್ರೂಡ್ರೈವರು ಮನೆಯಲ್ಲೇ ಉಳಿದಿತ್ತು.

ಎರಡನೇ ಸುತ್ತಿನ ಗಂಟೆ ಬಾರಿಸಿತು. ನೀಲಗಂಗಾ ತನ್ನ ಮೇಜಿಗೆ ಹೋಗಿ ಕಟ್ಟನ್ನು ಇಟ್ಟು ಕೂತಳು. ಎದುರಿನ ಕುರ್ಚಿಯಲ್ಲಿ ಕೂಡಬೇಕಾದವನು ಅಫ್ರೋಜ. ಪಂದ್ಯದ ತೀರ್ಪು ಕೊಡುವ ಪಂಚರು ಗಡಿಯಾರ ನೋಡತೊಡಗಿದರು. ಅವರು ಪ್ರೆಸ್ಸಿನಲ್ಲಿ ಪ್ರೂಫು ನೋಡುವವರು, ಅಲ್ಪವಿರಾಮವನ್ನೂ ಕ್ಷಮಿಸಿದವರಲ್ಲ. ಐದು ನಿಮಿಷದೊಳಗೆ ಬರದಿದ್ದರೆ ಎದುರಿನವರು ಗೆದ್ದಂತೆ ಎಂದು ಅವರು ಸಾರಿದರು.

ನೀಲಗಂಗಾ ಸುಮ್ಮನೆ ಕೂತರೆ ಸಾಕಿತ್ತು. ಅಲ್ಲಾಡದೆ ಕೂತರೆ ಅತಿಥಿ ಕೊನೆಯ ಎಂಟರಲ್ಲಿ, ಮುಂದಿನ ಮುದ್ರಣದಲ್ಲಿ, ಎಲ್ಲ ಹೊಸ ಪೊಟ್ಟಣಗಳಲ್ಲಿ. ಅವಳು ಕಟ್ಟಿನ ಮೇಲಿನ ಕಾರ್ಡನ್ನು ತಿರುಗಿಸಿದಳು. ಅಪ್ಪ ಛತ್ರಿ ಹಿಡಿದು ನಿಂತಿದ್ದರು, ಬಂದ ಕೂಡಲೇ ಹೊರಡುವ ಅದೇ ಸಂಕೋಚದಲ್ಲಿ. ನಮ್ಮ ಮನೆಯ ಯಂತ್ರ ಹಿಡಿದುಕೊಂಡ ಹುಡುಗನ ಮೇಲೆ ಗೆಲ್ಲುವುದೆಂದರೆ, ಊಟಕ್ಕೆ ಕರೆದು ಚಪ್ಪಲಿ ಕದ್ದ ಹಾಗೆ. ಅವಳು ಎದ್ದಳು.

"ಏನ್ರೀ, ಆ ಕಡೆ ಹಿಡೀರಿ," ಎಂದು ಗಂಡನನ್ನು ಕರೆದು ಮೇಜಿನ ಒಂದು ತುದಿ ಎತ್ತಿದಳು. ಮೇಜನ್ನೇ ಒಯ್ದು ಅಫ್ರೋಜನ ಮುಂದೆ ಇಳಿಸಿದಳು. ಪಂಚರು ನಿಯಮದ ಹಾಳೆ ತಿರುವಿ ನೋಡಿದರು. ಆಟಗಾರ ಮೇಜಿಗೆ ಬರಬೇಕೆಂದು ಎಲ್ಲೂ ಇರಲಿಲ್ಲ; ಆಟಗಾರ ಮತ್ತು ಮೇಜು ಒಂದೇ ಕಡೆ ಇರಬೇಕೆಂದಷ್ಟೇ ಇತ್ತು.

ಹೀಗೆ ಹುಬ್ಬಳ್ಳಿಯ ಹುಲಿ, ಎಡಗೈ ಬೀಗರ ಹಿಡಿತದಲ್ಲಿ, ಬಲಗೈಯಲ್ಲಿ ಕಾರ್ಡು, ಪಕ್ಕದಲ್ಲಿ ಉಂಡಿಯ ತಾಟು ಇಟ್ಟುಕೊಂಡು ಆಡಿದ. ಒಂದೇ ಕೈಯಲ್ಲಿಯೂ ಅವನು ಚೆನ್ನಾಗಿ ಆಡಿದ. ತೋಪುಗಳು ನೀಲಗಂಗಾಳ ಕೋಟೆಯನ್ನು ಕೆಡವುತ್ತ ಬಂದವು. ಮಳೆಯ ಕಾರ್ಡುಗಳು ಮುಗಿದವು. ಅವಳಿಗೆ ಉಳಿದದ್ದು ಮೂರು ಮಾನ, ಅವನಿಗೆ ಒಂಬತ್ತು. ಓಣಿಮಂದಿ ಕಟ್ಟೆಯ ಮೇಲೆ ಇದ್ದರು. ಅವಳು ಕೊನೆಯ ಅತಿಥಿಯನ್ನು ಅವನ ಕೋಟೆಗೆ ಕಳಿಸಿದಳು.

ಸುತ್ತ ನಿಂತವರಿಗೆಲ್ಲ ಲೆಕ್ಕ ಕಾಣುತ್ತಿತ್ತು. ಅಫ್ರೋಜನ ಕಟ್ಟಿನಲ್ಲಿ ಇನ್ನು ಕೆಲವೇ ಕಾರ್ಡು, ಕೈಯಲ್ಲಿ ಉಳಿದದ್ದು ಒಂದು ತೋಪು ಮಾತ್ರ. ಅತಿಥಿ ಕೂತರೆ ಉಪಚಾರಕ್ಕೆ ಆ ತೋಪೇ ಹೋಗುತ್ತದೆ, ಹಿಂದೆಯೇ ಕಟ್ಟೂ ಮುಗಿಯುತ್ತದೆ. ಅಟ್ಟಿದರೆ ಎರಡುಪಟ್ಟು, ಅಂದರೆ ನಾಲ್ಕು ಮಾನ ಹೋಗಿ ಐದು ಉಳಿಯುತ್ತದೆ, ಮರುಸರದಿಗೆ ತೋಪು ಹಾರಿಸಿ ಗೆಲ್ಲುತ್ತಾನೆ. ಮಾಡಬೇಕಾದದ್ದು ಇಷ್ಟೇ, ಬಾಯಿಬಿಟ್ಟು ಎರಡು ಮಾತು ಅನ್ನಬೇಕು.

ಅವನು ನಿಯಮದಂತೆ ಕಾರ್ಡನ್ನು ಎತ್ತಿ ಮುಖ ನೋಡಿದ. ಛತ್ರಿ, ಚೀಲ, ಹೊರಡುವ ಸಂಕೋಚ. ಸಾವಂತ್ರವ್ವ ಆಟವನ್ನು ನೋಡುತ್ತಿರಲಿಲ್ಲ. ಅವನ ತಾಟಿನ ಪುಡಿಯನ್ನು ಬೆರಳಿನಿಂದ ಒಂದು ಕಡೆ ಕೂಡಿಸಿ, ಒಳ್ಳೆಯ ಉಂಡಿಯೊಂದನ್ನು ಆರಿಸಿ ಇಡುತ್ತಿದ್ದಳು. ಅಫ್ರೋಜ ಗಂಟಲು ಸರಿಮಾಡಿಕೊಂಡ. ಕಾರ್ಡನ್ನು ಕೆಳಗಿಟ್ಟು ಮತ್ತೆ ಎತ್ತಿದ.

"ಆಟ ಆಟಾನ, ತಮ್ಮಾ," ಎಂದಳು ನೀಲಗಂಗಾ, ಮೆಲ್ಲಗೆ. "ಅಂದುಬಿಡು. ನಾ ಏನೂ ತಿಳಕೊಳ್ಳೂದಿಲ್ಲ."

"ಹೌದ್ರಿ ಮೇಡಂ." ಅವನು ಕಾರ್ಡನ್ನು ಇನ್ನೊಮ್ಮೆ ನೋಡಿದ. "ಎದ್ದು..." ಅಂದ. ಬಾಯಲ್ಲಿ ಇನ್ನೂ ಶೇಂಗಾ ಬೆಲ್ಲದ ಸಿಹಿ ಇತ್ತು. ಮಂಟಪವೆಲ್ಲ ಕಿವಿಯಾಗಿತ್ತು. "ಎದ್ದು... ಕೂಡ್ರಿ."

ಪಂಚರು ಅದನ್ನು ಹಾಗೇ ಅಕ್ಷರ ಬಿಡದೆ ಬರೆದುಕೊಂಡರು. ಅತಿಥಿ ಕೂತ. ತೋಪು ಹೋಯಿತು, ಕಟ್ಟು ಕರಗಿತು. ಎರಡು ವರ್ಷ ಸೋಲದ ಅಫ್ರೋಜ ನದಾಫ ಸೋತು, ಏಳನೆಯದೋ ಎಂಟನೆಯದೋ ಉಂಡಿಯನ್ನು ಬಾಯಿಗೆ ಹಾಕಿಕೊಂಡು ನಕ್ಕ. ಅಷ್ಟೊತ್ತಿಗೆ ಸಾವಂತ್ರವ್ವನ ಡಬ್ಬಿ ಬರಿದಾಗಿತ್ತು, ತಾಟು ಖಾಲಿಯಾಯಿತು. ಬೀಗರು ಅವನ ಕೈ ಬಿಟ್ಟರು.

ಕೊನೆಯ ಎಂಟರ ಆಟದಲ್ಲಿ ನೀಲಗಂಗಾ ಸೋತಳು. ಎದುರಿಗಿದ್ದ ಲಕ್ಷ್ಮೇಶ್ವರದ ಹೆಣ್ಣುಮಗಳು ಬಂದ ಅತಿಥಿಗಳನ್ನೆಲ್ಲ ಕಣ್ಣು ಮಿಟುಕಿಸದೆ ಗದರಿಸಿ ಎಬ್ಬಿಸಿದಳು. ಆಕೆ ಹಾಸ್ಟೆಲಿನ ವಾರ್ಡನ್ನು ಅಂತ ಆಮೇಲೆ ತಿಳಿಯಿತು. ಸೋತದ್ದಕ್ಕೆ ನೀಲಗಂಗಾಳಿಗೆ ಚೂರೂ ಬೇಸರವಾಗಲಿಲ್ಲ. ಮಹಾರುದ್ರಪ್ಪನವರು ವೇದಿಕೆಯ ಮೇಲೆ, ಅತಿಥಿ ಇನ್ನೂ ಕೂತಿರುತ್ತಾರೆ ಎಂದು ಸಾರಿದಾಗ ಮಂಟಪದಲ್ಲಿ ಮದುವೆಗಿಂತ ಹೆಚ್ಚು ಗದ್ದಲವಾಯಿತು. ಅಫ್ರೋಜ ಬಂದು, ಎರಡು ಅತಿಥಿ ಕಾರ್ಡಿಗೆ ಒಂದು ಆನೆ ಕೊಡುತ್ತೇನೆ ಎಂದು ಕೇಳಿದ. ಅವಳು ಕೊಟ್ಟಳು. ಅದು ತನ್ನ ತಂದೆಯ ಚಿತ್ರವೆಂದು ಆಗ ಹೇಳಿದಳು. ಅವನು ಎರಡೂ ಕಾರ್ಡುಗಳನ್ನು ಜೇಬಿನಲ್ಲಿ ಮಡಚದೆ ಇಟ್ಟುಕೊಂಡ.

ಜನ ಹೋದರು, ಶಿವಪುತ್ರಪ್ಪನವರ ಮನೆಯವರೂ ಅಫ್ರೋಜನೂ ಉಳಿದರು. ಖಾಲಿ ಮಂಟಪದಲ್ಲಿ ಕುರ್ಚಿ ಮಡಚುವ ಸದ್ದಿನ ನಡುವೆ ಎರಡು ದನಿಗಳು ಮಾತ್ರ ಕೇಳುತ್ತಿದ್ದವು. ಎಲ್ಲರೂ ತಿರುಗಿ ನೋಡಿದರು. ಹಿಡಿಯಲಿಕ್ಕೆ ಅತಿಥಿಗಳು ಯಾರೂ ಉಳಿಯದೆ, ಬೀಗರ ಎಡಗೈ ಬೀಗರ ಬಲಗೈಯನ್ನೇ ಹಿಡಿದುಕೊಂಡಿತ್ತು.

"ಕೂಡ್ರಿ, ಚಹಾ ಕುಡದ ಹೋಗ್ರಿ."

"ನಾಳಿಗೆ ಬರ್ರಿ."

"ಹಂಗ ಹೆಂಗಾಗ್ತೈತಿ, ಕೂಡ್ರಿ."

"ಜೆರಾಕ್ಸ್ ತಂದೀರೇನು?"

ಸ್ವಿಚ್ಚು ಆರಿಸಿದರೂ ಬ್ಯಾಟರಿಯಲ್ಲಿ ಮಾತು ಮುಂದುವರಿಯಿತು. ಎರಡೂವರೆ ಕಿಲೋ ಹಿಡಿತ, ಬಿಡಿಸುವುದು ಸುಲಭವಲ್ಲ. ಎಳೆದರೆ ಹಲ್ಲಿನ ಡಾಕ್ಟರ ತೋಳೇ ಮುರಿದೀತು ಎಂದು ಶಿವಪುತ್ರಪ್ಪನವರು ಟಂಟಂನಿಂದ ಸ್ಪ್ರಿಂಗ್ ತಕ್ಕಡಿ ತಂದರು. ಎಷ್ಟು ಎಳೆಯಬೇಕೆಂದು ಮೊದಲು ಅಳೆಯುವುದು ಒಳ್ಳೆಯದು.

"ಮೊದಲ ಸೊನ್ನಿ ನೋಡ್ರಿ," ಎಂದಳು ನೀಲಗಂಗಾ.

ಸೊನ್ನೆ ಸರಿಯಾಗಿತ್ತು. ಅಫ್ರೋಜ ಕೊಕ್ಕೆಯನ್ನು ಎಡಗೈಯ ಬೆರಳಿಗೆ ಸಿಕ್ಕಿಸಿ ಮೆಲ್ಲಗೆ ಎಳೆದ. ಬೆರಳು ಹೂವಿನ ಹಾಗೆ ಬಿಟ್ಟುಕೊಂಡಿತು. ಅವನು ತಕ್ಕಡಿ ನೋಡಿದ, ಮತ್ತೆ ಹಿಡಿಸಿ ಇನ್ನೊಮ್ಮೆ ಎಳೆದ. ಅಷ್ಟೇ ಬಂತು. ಶಿವಪುತ್ರಪ್ಪನವರು ನೆಲಕ್ಕೆ ಮಲಗಿ ಬೀಗರ ಹೊಟ್ಟೆಯೊಳಗೆ ಟಾರ್ಚು ಬಿಟ್ಟರು. ಹಿಡಿತದ ಸ್ಪ್ರಿಂಗು ಇರಬೇಕಾದ ಜಾಗದಲ್ಲಿ ಬರೀ ಕೊಕ್ಕೆ ಇತ್ತು. ಮುಳಗುಂದ ನಾಕಾದ ಕುಣಿಯಲ್ಲಿ ಟಣ್ ಎಂದದ್ದು ಅದು. ಬೆಳಿಗ್ಗೆಯಿಂದ ಬೀಗರ ಎಡಗೈಯಲ್ಲಿ ಇದ್ದದ್ದು ಬೆರಳುಗಳ ತೂಕ ಮಾತ್ರ.

ಅಫ್ರೋಜ ತನ್ನ ಮುಂಗೈಯನ್ನು ತಿರುವಿ ತಿರುವಿ ನೋಡಿಕೊಂಡ.

"ಹಂಗಾದ್ರ ನಾ ಯಾಕ ಏಳಲಿಲ್ಲ ಅಜ್ಜಿ?"

"ಇನ್ನೂ ಉಂಡಿ ಇದ್ವಲ್ಲಪಾ," ಎಂದು ಸಾವಂತ್ರವ್ವ ಖಾಲಿ ಡಬ್ಬಿಗೆ ಮುಚ್ಚಳ ಹಾಕಿದಳು.

ತಕ್ಕಡಿಯ ಮುಳ್ಳು ಎರಡು ಸಲವೂ ನಿಂತದ್ದು ನೂರಾ ಎಂಬತ್ತು ಗ್ರಾಮಿಗೆ.